ವಿದ್ಯುತ್ತು ಮರಳುವ ದಾರಿ

ಗಾಡಿ ಹೊರಡದೆ ನಿಂತಾಗ ನಾವೆಲ್ಲ ಆಡುವ ಮಾತು ಒಂದೇ: 'ಸ್ಟಾರ್ಟ್ ಆಗುತ್ತಿಲ್ಲ.' ವೈದ್ಯರ ಬಳಿಗೆ ಹೋದ ರೋಗಿ 'ಮೈಗೆ ಸರಿಯಿಲ್ಲ' ಎಂದಷ್ಟೇ ಹೇಳಿ ಸುಮ್ಮನಾದ ಹಾಗೆ ಇದು. ಬಲ್ಲ ವೈದ್ಯರು ಅಷ್ಟಕ್ಕೇ ಔಷಧಿ ಬರೆದುಕೊಡುವುದಿಲ್ಲ. ನೋವು ಎಲ್ಲಿ, ಎಂದಿನಿಂದ, ಯಾವಾಗ ಹೆಚ್ಚು ಎಂದು ವಿಚಾರಿಸುತ್ತಾರೆ. ಮೋಟಾರ್ ಸೈಕಲ್ಲಿನ ಮುಂದೆ ನಿಂತಾಗ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಬ್ಯಾಟರಿ ಹೋಗಿರಬೇಕು ಎಂದು ಒಬ್ಬರು, ಕಾಯಿಲ್ ಸುಟ್ಟಿರಬೇಕು ಎಂದು ಇನ್ನೊಬ್ಬರು. ಊಹೆಗೆ ತಕ್ಕಂತೆ ಒಂದೊಂದೇ ಭಾಗ ಬದಲಾಗುತ್ತದೆ, ಹಣ ಕರಗುತ್ತದೆ. ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಬಹುಕಾಲ ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರದ ಪಾಠ ಹೇಳಿದ ನನಗೆ, ವಿದ್ಯುನ್ಮಂಡಲವನ್ನು ಕುರಿತು ಹೇಳಲು ನಿಂತ ಗಾಡಿಗಿಂತ ಒಳ್ಳೆಯ ಉದಾಹರಣೆ ದೊರೆತಿಲ್ಲ. ಊಹೆಯನ್ನು ಬಿಟ್ಟು, ವಿದ್ಯುತ್ತು ನಡೆಯುವ ಹಾದಿಯನ್ನೇ ಹಿಡಿದು ದೋಷವನ್ನು ಹುಡುಕುವ ಬಗೆ ಹೇಗೆಂಬುದನ್ನು ಇಂದು ವಿವರಿಸಬೇಕೆಂದಿದ್ದೇನೆ.

'ಸ್ಟಾರ್ಟ್ ಆಗುತ್ತಿಲ್ಲ' ಎಂಬ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ದೂರುಗಳು ಅಡಗಿವೆ. ಗುಂಡಿ ಒತ್ತಿದರೂ ಎಂಜಿನ್ನು ತಿರುಗುವುದೇ ಇಲ್ಲ ಎಂಬುದು ಒಂದು; ಗ್ಯಾರೇಜಿನ ಮಾತಿನಲ್ಲಿ 'ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ.' ಎಂಜಿನ್ನು ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ತಿರುಗಿಸುವ ಬಲದ ಕೊರತೆ. ಎರಡನೆಯದು ಕಿಡಿಯ ಕೊರತೆ, ಇಲ್ಲವೆ ಪೆಟ್ರೋಲಿನ ಕೊರತೆ. ಇವೆರಡನ್ನು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ ಸರಿ.

ಮೊದಲ ದೂರನ್ನು ನೋಡೋಣ. ವಿದ್ಯುತ್ತು ನಾಲೆಯ ನೀರಿನಂತೆ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಇಂಗಿಹೋಗುವ ವಸ್ತುವಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟದ್ದು ಮತ್ತೊಂದು ತುದಿಗೆ ಮರಳಲೇಬೇಕು. ಮರಳುವ ದಾರಿ ಕಟ್ಟಿಹೋದರೆ ಹೊರಡುವುದೂ ನಿಂತುಹೋಗುತ್ತದೆ. ಹೊರಡುವ ದಾರಿಗೆ ಬಣ್ಣಬಣ್ಣದ ತಂತಿಗಳುಂಟು, ಫ್ಯೂಸ್ ಉಂಟು, ಕೀಲಿಕೈ ಉಂಟು. ಮರಳುವ ದಾರಿಗಾದರೋ ಇಷ್ಟೊಂದು ತಂತಿಗಳಿಲ್ಲ; ಗಾಡಿಯ ಲೋಹದ ಮೈಯೇ ಬಹುಮಟ್ಟಿಗೆ ಆ ದಾರಿ. ಎಂಜಿನ್ನಿನ ಕವಚ, ಚಾಸಿಸ್ಸು, ಅವುಗಳಿಂದ ಬ್ಯಾಟರಿಯ ಋಣಾಗ್ರಕ್ಕೆ ಬರುವ ಒಂದು ದಪ್ಪ ತಂತಿ. ಇದನ್ನು ಮೆಕ್ಯಾನಿಕ್ಕುಗಳು 'ಅರ್ತ್' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಅರ್ಥ'ದಂತೆಯೇ ಕೇಳಿಸುತ್ತದೆ. 'ಗಾಡಿಗೆ ಅರ್ತ್ ಸಿಗುತ್ತಿಲ್ಲ' ಎಂದು ಅವರು ಹೇಳುವಾಗ ನನಗೆ ಒಳಗೊಳಗೇ ನಗು. ಅರ್ಥ ಸಿಗದ ಕಡೆ ಮಾತು ನಿಲ್ಲುವಂತೆ ಅರ್ತ್ ಸಿಗದ ಕಡೆ ಎಂಜಿನ್ನೂ ನಿಲ್ಲುತ್ತದೆ!

ಗುಂಡಿ ಒತ್ತಿದಾಗ ಎರಡು ಮಂಡಲಗಳು ಕೆಲಸ ಮಾಡುತ್ತವೆ. ಸಣ್ಣ ಮಂಡಲವು ಫ್ಯೂಸ್, ಕೀಲಿಕೈ, ಹ್ಯಾಂಡಲಿನ ಮೇಲಿನ ಕೆಂಪು ಸ್ವಿಚ್ಚು ಮತ್ತು ಸ್ಟಾರ್ಟರ್ ಗುಂಡಿಗಳ ಮೂಲಕ ಹಾದು ರಿಲೇ ಎಂಬ ಪುಟ್ಟ ಪೆಟ್ಟಿಗೆಯನ್ನು ತಲಪುತ್ತದೆ. ಇಂದಿನ ಅನೇಕ ಗಾಡಿಗಳಲ್ಲಿ ಕ್ಲಚ್ಚಿನ ಮತ್ತು ಸೈಡ್ ಸ್ಟ್ಯಾಂಡಿನ ಸ್ವಿಚ್ಚುಗಳೂ ಈ ದಾರಿಯ ಕಾವಲುಗಾರರು. ರಿಲೇಯ ಒಳಗೆ ಒಂದು ವಿದ್ಯುದಯಸ್ಕಾಂತವಿದೆ. ಅದು ಸೆಳೆದಾಗ 'ಟಕ್' ಎಂಬ ಸದ್ದಾಗಿ ದೊಡ್ಡ ಮಂಡಲದ ಬಾಗಿಲು ತೆರೆಯುತ್ತದೆ. ದಪ್ಪ ತಂತಿಯಲ್ಲಿ ಭಾರಿ ವಿದ್ಯುತ್ತು ಸ್ಟಾರ್ಟರ್ ಮೋಟಾರಿಗೆ ನುಗ್ಗುತ್ತದೆ. ಆದ್ದರಿಂದ ಯಾವ ಉಪಕರಣವೂ ಇಲ್ಲದೆ ಕಿವಿಯೊಂದರಿಂದಲೇ ಬಹಳಷ್ಟನ್ನು ತಿಳಿಯಬಹುದು. ಏನೂ ಸದ್ದಿಲ್ಲವೆಂದರೆ ದೋಷವನ್ನು ಸಣ್ಣ ಮಂಡಲದಲ್ಲಿ ಹುಡುಕಬೇಕು. ಕೆಂಪು ಸ್ವಿಚ್ಚು ಯಾರದೋ ಕೈತಾಗಿ ಆರಿರುವುದೂ ಉಂಟು. 'ಟಕ್' ಎಂದು ಒಂದೇ ಸದ್ದಾಗಿ ಎಂಜಿನ್ನು ಅಲುಗದಿದ್ದರೆ ದೋಷ ದೊಡ್ಡ ಮಂಡಲದಲ್ಲಿರುವ ಸಂಭವವೇ ಹೆಚ್ಚು. 'ಟಕಟಕಟಕ' ಎಂದು ಬಿಡದೆ ಬಡಿದುಕೊಂಡರೆ ವೋಲ್ಟೇಜು ಕುಸಿಯುತ್ತಿದೆ ಎಂದು ಅರ್ಥ. ರಿಲೇ ಸೆಳೆಯುತ್ತದೆ, ಭಾರಿ ವಿದ್ಯುತ್ತು ಹರಿಯತೊಡಗುತ್ತದೆ. ಆ ಭಾರಕ್ಕೆ ವೋಲ್ಟೇಜು ಕುಗ್ಗಿ ರಿಲೇಯ ಹಿಡಿತ ತಪ್ಪುತ್ತದೆ. ಭಾರ ಇಳಿದೊಡನೆ ವೋಲ್ಟೇಜು ಚೇತರಿಸಿ ರಿಲೇ ಮತ್ತೆ ಸೆಳೆಯುತ್ತದೆ. ನಿತ್ರಾಣಗೊಂಡ ಬ್ಯಾಟರಿಯ ಲಕ್ಷಣ ಸಾಮಾನ್ಯವಾಗಿ ಇದು.

ಇಲ್ಲಿಯೇ ಬಹುಜನರನ್ನು ದಾರಿ ತಪ್ಪಿಸುವ ಒಂದು ನಂಬಿಕೆಯನ್ನು ಪ್ರಸ್ತಾಪಿಸಬೇಕು. 'ದೀಪ ಚೆನ್ನಾಗಿ ಉರಿಯುತ್ತಿದೆ, ಹಾರ್ನ್ ಕೂಗುತ್ತಿದೆ. ಆದ್ದರಿಂದ ಬ್ಯಾಟರಿಯೂ ತಂತಿಗಳೂ ಸರಿಯಾಗಿವೆ' ಎಂಬುದೇ ಆ ನಂಬಿಕೆ. ಒಂದು ಸರಳ ಲೆಕ್ಕ ಹಾಕೋಣ. 12 ವೋಲ್ಟಿನ ಗಾಡಿಯಲ್ಲಿ 35 ವಾಟಿನ ದೀಪ ಸುಮಾರು 3 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸಲು ಹೊರಟಾಗ 100 ಆಂಪಿಯರ್ ಸೆಳೆಯುತ್ತದೆಂದು ಇಟ್ಟುಕೊಳ್ಳಿ. ಈಗ ಮರಳುವ ದಾರಿಯ ಒಂದು ಬೋಲ್ಟಿನ ಅಡಿ ತುಕ್ಕು ಹಿಡಿದು 0.02 ಓಮ್‌ನಷ್ಟು ರೋಧ ಸೇರಿಕೊಂಡಿದೆಯೆನ್ನೋಣ. ದೀಪದ ಪಾಲಿಗೆ ಆ ಬೋಲ್ಟಿನಲ್ಲಿ ನಷ್ಟವಾಗುವುದು 0.06 ವೋಲ್ಟು, ಕಣ್ಣಿಗೆ ತಿಳಿಯುವುದೇ ಇಲ್ಲ. ಸ್ಟಾರ್ಟರಿನ ಪಾಲಿಗೆ ಅದೇ ಬೋಲ್ಟಿನಲ್ಲಿ 2 ವೋಲ್ಟು ಖರ್ಚಾಗಿ ಹೋಗುತ್ತದೆ. ಭಾರಕ್ಕೆ ಬ್ಯಾಟರಿಯೂ ಒಂದಿಷ್ಟು ಕುಗ್ಗುವುದರಿಂದ ಮೋಟಾರಿಗೆ ಉಳಿಯುವುದು ಅಲ್ಪ. ಅದು ಮುಲುಗಿ ಸುಮ್ಮನಾಗುತ್ತದೆ. ಸಣ್ಣ ಹೊರೆಯನ್ನು ಹೊತ್ತು ತೋರಿಸಿದವನು ದೊಡ್ಡ ಹೊರೆಯನ್ನೂ ಹೊರುವನೆಂಬ ಭರವಸೆಯಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಹೊರೆ ಹೊತ್ತಿರುವಾಗಲೇ.

ನಮ್ಮ ಪಕ್ಕದ ಬೀದಿಯಲ್ಲಿ ಹೂವಿನ ವ್ಯಾಪಾರಿಯೊಬ್ಬರಿದ್ದಾರೆ. ಬೆಳಗಿನ ನಾಲ್ಕು ಗಂಟೆಗೆ ಹೊರಟು, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಂಡು, ಹೊತ್ತು ಮೂಡುವ ಮುಂಚೆ ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸಬೇಕು. ಮಲ್ಲಿಗೆ ಯಾರಿಗಾಗಿಯೂ ಕಾಯುವುದಿಲ್ಲ. ಗಾಡಿ ಒಂದು ಗಂಟೆ ತಡಮಾಡಿದರೆ ಆ ದಿನದ ಬಂಡವಾಳ ಬಾಡಿದಂತೆ. ಅವರ ಗಾಡಿಗೆ ಕಿಕ್ಕರ್ ಇಲ್ಲ. ಇಂದಿನ ಅನೇಕ ಮೋಟಾರ್ ಸೈಕಲ್ಲುಗಳಿಗೆ ಇಲ್ಲ. ಮಳೆಗಾಲ ಮುಗಿದ ಮೇಲೆ ಅದು ದಿನ ಬಿಟ್ಟು ದಿನ ಹಟ ಹಿಡಿಯತೊಡಗಿತು. ಬ್ಯಾಟರಿ ಹೊಸದಾಯಿತು, ನಾಲ್ಕು ದಿನ ನಡೆದು ಮತ್ತೆ ನಿಂತಿತು. ರಿಲೇ ಬದಲಾಯಿತು. ಸ್ಟಾರ್ಟರ್ ಮೋಟಾರನ್ನೇ ಬದಲಿಸಬೇಕೆಂಬ ಮಾತು ಬಂದಾಗ ಅವರು ನನ್ನ ಬಳಿ ಬಂದು, 'ಸ್ವಾಮಿ, ನೀವು ಕರೆಂಟಿನ ಪಾಠ ಹೇಳಿದವರಂತೆ. ಇದಕ್ಕೆ ಇನ್ನೆಷ್ಟು ಸುರಿಯಲಿ, ಹೇಳಿ' ಎಂದರು. ಅಷ್ಟರೊಳಗೆ ಒಂದು ತಿಂಗಳ ಗಳಿಕೆ ಕೈಬಿಟ್ಟಿತ್ತು.

ನಾನು ಮಾಡಿದ್ದು ಇಷ್ಟೇ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಾಗ್ರಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ, ಗುಂಡಿ ಒತ್ತುವಂತೆ ಅವರಿಗೆ ಹೇಳಿದೆ. ಮರಳುವ ದಾರಿ ಸರಾಗವಾಗಿದ್ದರೆ ಈ ಎರಡು ಬಿಂದುಗಳ ನಡುವೆ ಹೆಚ್ಚೆಂದರೆ ಒಂದು ವೋಲ್ಟಿನ ಕೆಲವೇ ದಶಾಂಶಗಳು ಕಾಣಬೇಕು. ಕಂಡದ್ದು ಎರಡು ವೋಲ್ಟಿಗೂ ಮಿಗಿಲು. ಋಣತಂತಿಯನ್ನು ಬಿಗಿದಿದ್ದ ಬೋಲ್ಟನ್ನು ಬಿಚ್ಚಿದಾಗ ಅದರ ಅಡಿಯಲ್ಲಿ ತುಕ್ಕಿನ ಪದರವೊಂದು ಬೆಳೆದಿತ್ತು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ತಿರುಚಿ, ಮೇಲೆ ತುಸು ಗ್ರೀಸು ಸವರಿದೆವು. ಉಪ್ಪುಕಾಗದದ ಚೂರಿನ ಬೆಲೆಗೆ ಗಾಡಿ ಮತ್ತೆ ನಡೆಯಿತು. ಹೊಸ ಬ್ಯಾಟರಿ ನಾಲ್ಕು ದಿನ ನಡೆಸಿದ್ದೇಕೆಂದರೆ, ಅದರ ತುಂಬು ಬಲ ಆ ತುಕ್ಕನ್ನೂ ಸ್ವಲ್ಪ ಕಾಲ ಮೀರಿ ನಿಂತಿತ್ತು. ದೋಷ ಹೋಗಿರಲಿಲ್ಲ, ಮರೆಯಾಗಿತ್ತು.

ಬ್ಯಾಟರಿಯನ್ನೂ ಹೀಗೆಯೇ ಹೊರೆ ಹೊರಿಸಿ ಪರೀಕ್ಷಿಸಬೇಕು. ತುಂಬಿದ 12 ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಗುಂಡಿ ಒತ್ತಿದಾಗ ಅದು 10ರ ಸುತ್ತಮುತ್ತ ನಿಂತರೆ ಚಿಂತೆಯಿಲ್ಲ. 8ಕ್ಕೋ 7ಕ್ಕೋ ಕುಸಿದರೆ ಮೊದಲು ಚಾರ್ಜು ಮಾಡಿಸಿ, ಆಮೇಲೂ ಕುಸಿದರೆ ಮಾತ್ರ ಬದಲಿಸಬೇಕು. ಎರಡು ಎಚ್ಚರಿಕೆಗಳುಂಟು. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುವುದರಿಂದ ಅದರ ಬಳಿ ಬೆಂಕಿಕಡ್ಡಿ ಗೀರಬಾರದು. ಬಿಚ್ಚುವಾಗ ಋಣತಂತಿಯನ್ನೇ ಮೊದಲು ಬಿಚ್ಚಬೇಕು, ಕೂಡಿಸುವಾಗ ಅದನ್ನೇ ಕಡೆಯಲ್ಲಿ ಕೂಡಿಸಬೇಕು. ಇದರ ಕಾರಣವೂ ಮರಳುವ ದಾರಿಯಲ್ಲೇ ಇದೆ. ಗಾಡಿಯ ಮೈಯೆಲ್ಲ ಋಣಾಗ್ರಕ್ಕೆ ಸೇರಿರುವಾಗ ಧನಾಗ್ರವನ್ನು ಬಿಚ್ಚುವ ಸ್ಪ್ಯಾನರು ಅಕಸ್ಮಾತ್ ಮೈಗೆ ತಾಗಿದರೆ ಕ್ಷಣಾರ್ಧದಲ್ಲಿ ಕೆಂಡವಾಗಬಲ್ಲುದು.

ಇನ್ನು ಎರಡನೆಯ ದೂರು: ಎಂಜಿನ್ನು ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಇದನ್ನು ವಿವರಿಸಲು ಮೈಸೂರಿನಲ್ಲೇ ತಯಾರಾದ ಜಾವಾ ಮತ್ತು ಯೆಜ್ಡಿಗಳಿಗಿಂತ ಒಳ್ಳೆಯ ಪಾಠಪುಸ್ತಕವಿಲ್ಲ. 1961ರಲ್ಲಿ ಜಾವಾ ಇಲ್ಲಿಯ ಕಾರ್ಖಾನೆಯಿಂದ ಹೊರಬಂತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಹಳೆಯ ಗಾಡಿಗಳನ್ನು ಮಕ್ಕಳಂತೆ ಸಾಕಿಕೊಂಡಿರುವವರು ನಮ್ಮೂರಿನಲ್ಲಿ ಇಂದಿಗೂ ಇದ್ದಾರೆ. ಕಿಕ್ಕರನ್ನೇ ಮಡಿಸಿ ಗೇರಿನ ಸನ್ನೆಯಾಗಿ ಬಳಸುವ ಅದರ ಚಾತುರ್ಯವನ್ನು ಬಲ್ಲವರೇ ಬಲ್ಲರು. ಅದರಲ್ಲಿ ಕಿಡಿ ಹುಟ್ಟುವ ಬಗೆಯನ್ನು ಕಣ್ಣಾರೆ ಕಾಣಬಹುದು. ಪಾಯಿಂಟುಗಳು ಕೂಡಿರುವಾಗ 6 ವೋಲ್ಟಿನ ವಿದ್ಯುತ್ತು ಕಾಯಿಲ್ಲಿನ ದಪ್ಪ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವೊಂದನ್ನು ಕಟ್ಟುತ್ತದೆ. ಪಾಯಿಂಟುಗಳು ತೆರೆದ ಕ್ಷಣ ಆ ಕ್ಷೇತ್ರ ಕುಸಿದು, ಸಾವಿರಾರು ಸುತ್ತಿನ ತೆಳು ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ, ಪ್ಲಗ್ಗಿನ ಸಂದಿಯನ್ನು ಕಿಡಿಯಾಗಿ ದಾಟುತ್ತವೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವವನ್ನು 1836ರಲ್ಲಿ ಐರ್ಲೆಂಡಿನ ಪಾದ್ರಿ ನಿಕೋಲಸ್ ಕ್ಯಾಲನ್ ಇಂಥ ಸುರುಳಿಯಾಗಿ ಕಟ್ಟಿದರು. ಪಾಯಿಂಟುಗಳ ಪಕ್ಕದಲ್ಲಿರುವ ಕಂಡೆನ್ಸರು 1853ರಲ್ಲಿ ಫ್ರಾನ್ಸಿನ ಫಿಜೋ ಸೇರಿಸಿದ ಉಪಾಯ. ಅದು ಕೆಟ್ಟರೆ ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟುಗಳಲ್ಲೇ ಹಾರಿ ಅವನ್ನು ಸುಡುತ್ತದೆ.

ಕಿಡಿಯನ್ನು ನೋಡಲು ಪ್ಲಗ್ಗನ್ನು ಬಿಚ್ಚಿ, ಅದರ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ಒತ್ತಿಟ್ಟು ತಿರುಗಿಸುವ ವಾಡಿಕೆಯುಂಟು. ಹಾಗೆ ಒತ್ತಿಡುವುದು ಕೂಡ ಮರಳುವ ದಾರಿಗಾಗಿಯೇ. ಅದನ್ನು ತಪ್ಪಿಸಿದರೆ ಕಿಡಿ ಕಾಣುವುದಿಲ್ಲ. ಈಗಿನ ಎಲೆಕ್ಟ್ರಾನಿಕ್ ಗಾಡಿಗಳಲ್ಲಿ ಬೆಲೆಬಾಳುವ ಭಾಗಗಳು ಸುಡುವುದೂ ಉಂಟು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು, ಬಿಚ್ಚಿದ ತೂತಿನ ಬಳಿ ಇಡಬಾರದು. ಅಲ್ಲಿಂದ ಪೆಟ್ರೋಲಿನ ಆವಿ ಹೊರಡುತ್ತಿರುತ್ತದೆ. ಕಿಡಿ ಕಂಡಿತೆಂದು ಅಲ್ಲಿಗೇ ನಿಶ್ಚಿಂತೆಯೂ ಸಲ್ಲದು. ಬಯಲಿನ ಗಾಳಿಯಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗೆ ಒತ್ತಲ್ಪಟ್ಟ ಗಾಳಿಯಲ್ಲಿ ಹಾರದೆ ಇರಬಹುದು, ಏಕೆಂದರೆ ಅಲ್ಲಿ ಹೆಚ್ಚು ವೋಲ್ಟೇಜು ಬೇಕು. ದೀಪದ ಸಾಕ್ಷ್ಯದಂತೆ ಇದೂ ಹೊರೆಯಿಲ್ಲದ ಸಾಕ್ಷ್ಯ. ಬಿಳಿನೀಲಿಯಾಗಿ, ಚಟಪಟನೆ ಸದ್ದುಮಾಡುವ ಕಿಡಿಯನ್ನು ನಂಬಬಹುದು. ಸೊರಗಿದ ಕೆಂಪು ಕಿಡಿಯನ್ನು ನಂಬಲಾಗದು.

ಇಷ್ಟು ಉದ್ದದ ಹಾದಿಯಲ್ಲಿ ಹುಡುಕುವುದು ಎಲ್ಲಿಂದ? ನಡುವಿನಿಂದ. ಹದಿನಾರು ಕೊಂಡಿಗಳ ಸರಪಳಿಯಲ್ಲಿ ಒಂದು ಮುರಿದಿದೆಯೆನ್ನಿ. ತುದಿಯಿಂದ ಒಂದೊಂದನ್ನೇ ನೋಡುತ್ತ ಹೋದರೆ ಹದಿನೈದು ಸಲ ನೋಡಬೇಕಾದೀತು. ನಡುವೆ ಪರೀಕ್ಷಿಸಿ, ವಿದ್ಯುತ್ತು ಅಲ್ಲಿಯವರೆಗೆ ಬಂದಿದ್ದರೆ ಮುಂದಿನ ಅರ್ಧದಲ್ಲೂ ಬಾರದಿದ್ದರೆ ಹಿಂದಿನ ಅರ್ಧದಲ್ಲೂ ಹುಡುಕಿದರೆ, ನಾಲ್ಕೇ ಪರೀಕ್ಷೆಗಳಲ್ಲಿ ಮುರಿದ ಕೊಂಡಿ ಕೈಗೆ ಸಿಗುತ್ತದೆ. ನಿಘಂಟಿನಲ್ಲಿ ಪದ ಹುಡುಕುವಾಗ ಮೊದಲ ಪುಟದಿಂದ ಮಗುಚದೆ ನಡುವೆ ತೆರೆಯುತ್ತೇವಲ್ಲವೆ, ಹಾಗೆ.

ಎಲ್ಲರೂ ಸ್ಪ್ಯಾನರ್ ಹಿಡಿಯಬೇಕೆಂಬುದು ನನ್ನ ಮಾತಿನ ಉದ್ದೇಶವಲ್ಲ. ನಮ್ಮ ಮೆಕ್ಯಾನಿಕ್ಕುಗಳಲ್ಲಿ ಬೆರಳ ತುದಿಯಲ್ಲೇ ವಿದ್ಯೆಯುಳ್ಳವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಮುಂದೆ ನಿಂತಾಗ ಯಾವ ಭಾಗ ಬದಲಿಸಬೇಕು ಎಂದು ಮೊದಲೇ ಕೇಳಬೇಡಿ. ವಿದ್ಯುತ್ತು ಎಲ್ಲಿಯವರೆಗೆ ಬಂದಿದೆ, ಸರಾಗವಾಗಿ ಮರಳುತ್ತಿದೆಯೆ ಎಂದು ಕೇಳಿ. ಗುಂಡಿ ಒತ್ತಿರುವಾಗ ಮೀಟರು ತೋರಿಸುವ ಅಂಕಿಯನ್ನು ನೋಡಬಯಸುವುದಾಗಿ ವಿನಯದಿಂದ ಹೇಳಿ. ಒಳ್ಳೆಯ ಕೆಲಸಗಾರರು ಅದರಿಂದ ಬೇಸರಪಡುವುದಿಲ್ಲ. ಕೇಳುವವರೊಬ್ಬರು ಸಿಕ್ಕರಲ್ಲ ಎಂದು ಸಂತೋಷದಿಂದಲೇ ತೋರಿಸುತ್ತಾರೆ.