ಗೋಡೆಯ ಮೇಲಿನ ಯುದ್ಧ

1783-84ರಲ್ಲಿ ಮೈಸೂರಿನ ಸೇನೆಯು ಹೊನ್ನಾವರದ ಕೋಟೆಯನ್ನು ಮುತ್ತಿತ್ತು. ಅದೇ ಎರಡನೆಯ ಮೈಸೂರು ಯುದ್ಧದ ಇನ್ನೊಂದು ಪ್ರಸಂಗವು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಚಿತ್ರರೂಪದಲ್ಲಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಹೈದರ್ ಅಲಿಯೂ ಟಿಪ್ಪುವೂ ಕರ್ನಲ್ ಬೇಯ್ಲಿಯ ದಳವನ್ನು ಸೋಲಿಸಿದರು. ಚೌಕವಾಗಿ ನಿಂತ ಆಂಗ್ಲರ ವ್ಯೂಹ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತಲೂ ಕುದುರೆಗಳ ಪ್ರವಾಹ—ಎಲ್ಲವೂ ಅಲ್ಲಿವೆ.

ಆದರೆ ಈ ಚಿತ್ರವೇ ಅನೇಕ ಯುದ್ಧಗಳನ್ನು ಕಂಡಿದೆ. ಶತ್ರುಗಳು ಸಮೀಪಿಸಿದಾಗ ಟಿಪ್ಪುವೇ ಇದಕ್ಕೆ ಸುಣ್ಣ ಬಳಿಸಿದನೆನ್ನುತ್ತಾರೆ. 1799ರ ಬಳಿಕ ಇಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿ ಇದನ್ನು ಸರಿಪಡಿಸಿದನು. ಮತ್ತೆ ಹಾಳಾದಾಗ, 1850ರ ದಶಕದಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯ ಚಿತ್ರದ ನೆನಪಿದ್ದ ದೇಶೀಯ ಕಲಾವಿದನೊಬ್ಬನು ಪುನಃ ಬರೆದನು.

ಗೋಡೆಯ ಚಿತ್ರ ಕೆಡುವುದೇಕೆ? ಗೋಡೆಯು ನೆಲದ ತೇವವನ್ನು ಹೀರುತ್ತದೆ. ತೇವದೊಡನೆ ಲವಣಗಳೂ ಏರುತ್ತವೆ. ನೀರು ಆರಿದಾಗ ಲವಣವು ಹರಳುಗಟ್ಟಿ ಬಣ್ಣದ ಪದರವನ್ನು ಹೊರಕ್ಕೆ ತಳ್ಳುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣವನ್ನೂ ಅದನ್ನು ಹಿಡಿದ ಅಂಟನ್ನೂ ಒಡೆಯುತ್ತವೆ. ದರಿಯಾ ದೌಲತ್ತಿನ ಜಗಲಿಗಳಿಗೆ ಪರದೆ ಇಳಿಬಿಟ್ಟಿರುವುದು ಈ ಕಾರಣದಿಂದಲೇ. ನೋಡುವವನಿಗೆ ಬೆಳಕು ಬೇಕು. ಚಿತ್ರಕ್ಕೆ ಅದು ಬೇಡ. ಪ್ರದರ್ಶನಕಲೆಯೆಂದರೆ ಈ ವ್ಯಾಜ್ಯದ ತೀರ್ಪೇ ಸರಿ: ಚದುರಿದ ಮಂದ ಬೆಳಕು, ಮುಟ್ಟಲಾಗದಷ್ಟು ದೂರ, ಮತ್ತು ಉದ್ದವಾದ ದೃಶ್ಯವನ್ನು ನಡೆಯುತ್ತ ನೋಡಲು ತೆರಪು.

ಕುಮಟಾ, ಹೊನ್ನಾವರ, ಭಟ್ಕಳದ ಕರಾವಳಿಯ ಕಾವಿ ಚಿತ್ರಗಳನ್ನು ಇದರೊಡನೆ ಹೋಲಿಸಿ ನೋಡಬಹುದು. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿಯಿರುವಾಗಲೇ ಅದನ್ನು ಕೆರೆದು ಬಿಳುಪನ್ನು ತೋರಿಸುವುದು ಇಲ್ಲಿಯ ಕ್ರಮ. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುವಾಗ ಬಣ್ಣವೂ ಅದರಲ್ಲಿ ಬಂಧಿತವಾಗುತ್ತದೆ. ಕೆಮ್ಮಣ್ಣಿನ ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಮಾಸದು. ಮಳೆನಾಡಿನಲ್ಲೂ ಇವು ಬಾಳಿದ್ದು ಹೀಗೆ. ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ ಕೃಷ್ಣಾನಂದ ಕಾಮತರು ಇವನ್ನು ಹುಡುಕಿ ದಾಖಲಿಸಿದರು. ಆದರೆ ಜೀರ್ಣೋದ್ಧಾರದ ಉತ್ಸಾಹದ ಎದುರಿಗೆ ಯಾವ ರಸಾಯನವೂ ನಿಲ್ಲಲಾರದು. ಗೋಡೆಯನ್ನೇ ಕೆಡವಿದರೆ ಚಿತ್ರವೆಲ್ಲಿ?

ದರಿಯಾ ದೌಲತ್ತಿನಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಮೇಲಿನ ಪದರವನ್ನು ತೆಗೆದರೆ ಟಿಪ್ಪುವಿನ ಕಾಲದ ಚಿತ್ರ ಸಿಕ್ಕೀತೇ? ಸಿಗದಿದ್ದರೆ ಎರಡೂ ಹೋದಂತೆ. ಆದ್ದರಿಂದಲೇ ಸಂರಕ್ಷಕನ ಮೊದಲ ನಿಯಮ: ಮುಂದಿನವರು ತೆಗೆಯಲಾಗದ ಯಾವುದನ್ನೂ ಸೇರಿಸಬೇಡ, ಮರಳಿ ಪಡೆಯಲಾಗದ ಯಾವುದನ್ನೂ ತೆಗೆಯಬೇಡ.

ನಿಮ್ಮ ಊರಿನ ದೇವಾಲಯದಲ್ಲಿ ಕೆಂಪು-ಬಿಳಿ ಗೋಡೆಯೊಂದಿದ್ದರೆ, ಸುಣ್ಣದ ಕುಂಚ ಬರುವ ಮುನ್ನ ಅದರ ಛಾಯಾಚಿತ್ರ ತೆಗೆದಿಡಿ, ಅಳತೆ ಬರೆದಿಡಿ. ಪೊಳ್ಳಿಲೂರಿನ ಚಿತ್ರವು ಒಬ್ಬ ಕಲಾವಿದನ ನೆನಪಿನಿಂದ ಉಳಿಯಿತು. ಎಲ್ಲ ಗೋಡೆಗಳಿಗೂ ಅಂಥ ಭಾಗ್ಯವಿರುವುದಿಲ್ಲ.