ನಿಮಗಿದು ಗೊತ್ತೆ? ಎಲೆಯೂ ಅದೇ, ಕೊಳವೆಯೂ ಅದೇ!

ಒಂದು ಹಸಿರು ಹಾಳೆಯಂತೆ ಚಪ್ಪಟೆ. ಅದರ ದಪ್ಪವೆಂದರೆ ಕೋಶಗಳ ಎರಡೇ ಪದರ. ಇನ್ನೊಂದು ಕರುಳಿನಂತಹ ಟೊಳ್ಳು ಕೊಳವೆ. ಈ ಕಡಲಪಾಚಿಗಳು ಬೇರೆ ಬೇರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಸ್ಯಶಾಸ್ತ್ರಜ್ಞರಿಗೂ ಹಾಗೇ ಅನ್ನಿಸಿತ್ತು. ಚಪ್ಪಟೆಯದು ‘ಉಲ್ವಾ’, ಕೊಳವೆಯದು ‘ಎಂಟೆರೊಮಾರ್ಫಾ’ ಎಂದು 19ನೇ ಶತಮಾನದಲ್ಲೇ ಎರಡು ಕುಲಗಳಾಗಿ ವಿಂಗಡಿಸಿಬಿಟ್ಟರು.

2003ರಲ್ಲಿ ಡಿಎನ್‌ಎ ಬೇರೆಯೇ ಕಥೆ ಹೇಳಿತು. ಜೀನ್‌ಗಳ ಅಕ್ಷರಸಾಲುಗಳನ್ನು ಹೋಲಿಸಿ ವಂಶವೃಕ್ಷ ಬರೆದಾಗ ಎಲೆಯಾಕಾರದವೂ ಕೊಳವೆಯಾಕಾರದವೂ ಒಂದೇ ಕೊಂಬೆಯಲ್ಲಿ ಬೆರೆತುಕೊಂಡಿದ್ದವು. ಎಂಟೆರೊಮಾರ್ಫಾ ಉಲ್ವಾದೊಳಗೇ ಸೇರಿಹೋಯಿತು. 1753ರಷ್ಟು ಹಿಂದೆಯೇ ಸಸ್ಯಶಾಸ್ತ್ರಜ್ಞ ಲಿನೇಯಸ್ ಎರಡು ಬಗೆಯವನ್ನೂ ಉಲ್ವಾ ಎಂದೇ ಕರೆದಿದ್ದ. ಜೀನ್ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ! ನಿಜಕ್ಕೂ ಬೆರಗಿನ ಸಂಗತಿ.

ಪಾಚಿಯ ರೂಪವನ್ನು ನಂಬುವಂತಿಲ್ಲ. ನೀರಿನ ಉಪ್ಪಿನಂಶ ಬದಲಾದರೆ ಅದರ ಆಕಾರವೂ ಬದಲಾಗಬಹುದು. ಮೈಗಂಟಿ ಬದುಕುವ ಬ್ಯಾಕ್ಟೀರಿಯಾಗಳಿಲ್ಲದೆ ಪ್ರಯೋಗಾಲಯದಲ್ಲಿ ಬೆಳೆಸಿದರಂತೂ ಉಲ್ವಾ ಸರಿಯಾದ ಎಲೆಯನ್ನೇ ಬಿಡುವುದಿಲ್ಲ. ಅದಕ್ಕೇ ಸಂಶೋಧಕರು ಈಗ ಪಾಚಿಯ ಚಿಕ್ಕ ಚೂರನ್ನು ಒಣಗಿಸಿಟ್ಟು, ‘ಟಫ್‌ಎ’ಯಂತಹ ಜೀನ್‌ಗಳನ್ನು ಓದಿ ಪ್ರಭೇದ ಗುರುತಿಸುತ್ತಾರೆ.

2008ರ ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಗೆ ಮುನ್ನ ಚೀನಾದ ಚಿಂಗ್‌ಡಾವ್ ಕಡಲನ್ನು ಹಸಿರು ಕಂಬಳಿಯಂತೆ ಮುಚ್ಚಿದ್ದ ಪಾಚಿ ನೆನಪಿದೆಯೇ? ಹಿಂದೆ ಎಂಟೆರೊಮಾರ್ಫಾ ಎನಿಸಿಕೊಂಡಿದ್ದ ಅದರ ಈಗಿನ ಹೆಸರು ಉಲ್ವಾ ಪ್ರೊಲಿಫೆರಾ.