ಲ್ಯಾಪರೋಸ್ಕೋಪಿಕ್ ಶಸ್ತ್ರಚಿಕಿತ್ಸೆಯ ಪ್ರಯೋಜನ, ಅಪಾಯ ಹಾಗೂ ಚೇತರಿಕೆ: ಬೇಗೂರು ಸುತ್ತಮುತ್ತಲಿನ ನಾಗರಿಕರಿಗೆ ಮಾಹಿತಿ

ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ಉರಿಯೂತ, ಹರ್ನಿಯಾ, ಅಂಡಾಶಯದ ಗಂಟು, ಗರ್ಭಕೋಶದ ಕೆಲವು ತೊಂದರೆಗಳು ಹಾಗೂ ಸ್ತ್ರೀಯರ ಸಂತಾನಶಕ್ತಿ ಹರಣ ಮೊದಲಾದವುಗಳಿಗೆ ಇಂದು ಲ್ಯಾಪರೋಸ್ಕೋಪಿಕ್, ಅಂದರೆ ಉದರದರ್ಶಕ ಶಸ್ತ್ರಚಿಕಿತ್ಸೆಯನ್ನು ವ್ಯಾಪಕವಾಗಿ ನಡೆಸಲಾಗುತ್ತಿದೆ. ಬೇಗೂರು, ಹೊಂಗಸಂದ್ರ, ಬೊಮ್ಮನಹಳ್ಳಿ ಮತ್ತು ಬಿ.ಟಿ.ಎಂ. ಬಡಾವಣೆ ಭಾಗದ ನಾಗರಿಕರು ಇಂತಹ ಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ಹಾಗೂ ಮನೆಗೆ ಮರಳಿದ ನಂತರ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಜನಸಾಮಾನ್ಯರು ಇದನ್ನು "ಲೇಸರ್ ಆಪರೇಷನ್" ಎಂದು ಕರೆಯುವುದುಂಟು. ಇದರಲ್ಲಿ ಸಾಮಾನ್ಯವಾಗಿ ಲೇಸರ್ ಬಳಕೆಯಾಗುವುದಿಲ್ಲ. ಹೊಕ್ಕುಳಿನ ಬಳಿ ಸುಮಾರು 10 ಮಿಲಿಮೀಟರ್ ಅಗಲದ ರಂಧ್ರ ಮಾಡಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ, ಕ್ಯಾಮೆರಾ ಅಳವಡಿಸಿದ ಕೊಳವೆಯನ್ನು ಒಳಕ್ಕೆ ಇಳಿಸಲಾಗುತ್ತದೆ. ಉಳಿದ ಎರಡು ಮೂರು ಸಣ್ಣ ರಂಧ್ರಗಳ ಮೂಲಕ ಉದ್ದನೆಯ ಉಪಕರಣಗಳನ್ನು ಇಳಿಸಿ, ಪರದೆಯನ್ನು ನೋಡುತ್ತ ವೈದ್ಯರು ಕೆಲಸ ಮಾಡುತ್ತಾರೆ. ಜರ್ಮನಿಯಲ್ಲಿ 1980ರಲ್ಲಿ ಕುರ್ಟ್ ಸೆಮ್ ಅವರು ಅಪೆಂಡಿಕ್ಸ್ ಅನ್ನು, 1985ರಲ್ಲಿ ಎರಿಕ್ ಮ್ಯೂಹೆ ಅವರು ಪಿತ್ತಕೋಶವನ್ನು ಈ ವಿಧಾನದಿಂದ ತೆಗೆದರು. ಭಾರತದಲ್ಲಿ ಮೊದಲಿಗೆ ಪಿತ್ತಕೋಶವನ್ನು ಹೀಗೆ ತೆಗೆದದ್ದು 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ಟಿ.ಇ. ಉದ್ವಾಡಿಯಾ ಅವರು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಚಿಕ್ಕದಾಗಿರುವುದು ಚರ್ಮದ ಮೇಲಿನ ಗಾಯ ಮಾತ್ರ. ಹೊಟ್ಟೆಯೊಳಗೆ ನಡೆಯುವ ಶಸ್ತ್ರಚಿಕಿತ್ಸೆ ತೆರೆದ ಶಸ್ತ್ರಚಿಕಿತ್ಸೆಯಷ್ಟೇ ದೊಡ್ಡದು. "ಮೂರು ತೂತು, ಒಂದು ದಿನ, ಅಷ್ಟೇ" ಎಂಬ ಮಾತನ್ನು ನಂಬಿ ಮನೆಯಲ್ಲಿ ಕಾಣಿಸಿಕೊಂಡ ಅಪಾಯದ ಲಕ್ಷಣವನ್ನು ಕಡೆಗಣಿಸುವುದರಿಂದಲೇ ಹೆಚ್ಚಿನ ಹಾನಿಯಾಗುತ್ತದೆ.

ಪ್ರಯೋಜನಗಳು

ಸ್ನಾಯುಗಳನ್ನು ಉದ್ದಕ್ಕೆ ಕತ್ತರಿಸದೇ ಇರುವುದರಿಂದ ನೋವು ಕಡಿಮೆ, ಗಾಯದಲ್ಲಿ ಕೀವಾಗುವ ಸಂಭವ ಕಡಿಮೆ. ತೊಡಕಿಲ್ಲದ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ರೋಗಿಯು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಹೋಗಬಹುದು. ಸ್ಥೂಲಕಾಯದವರಿಗೆ ಹಾಗೂ ಮಧುಮೇಹಿಗಳಿಗೆ ದೊಡ್ಡ ಗಾಯ ತಪ್ಪುವುದೇ ಒಂದು ಅನುಕೂಲ. ದಿನಗೂಲಿ ನೌಕರರಿಗೆ, ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಮಹಿಳೆಯರಿಗೆ ಕೆಲಸಕ್ಕೆ ಬೇಗ ಮರಳುವುದು ಸಣ್ಣ ಲಾಭವಲ್ಲ.

ಅಪಾಯಗಳು

ಮೊದಲ ರಂಧ್ರ ಮಾಡುವಾಗ ಕರುಳಿಗಾಗಲಿ ರಕ್ತನಾಳಕ್ಕಾಗಲಿ ಪೆಟ್ಟಾಗುವ ಸಂಭವ ಸುಮಾರು ಸಾವಿರಕ್ಕೆ ಒಂದು. ಇದು ವಿರಳವಾದರೂ ಗಂಭೀರ. ಪಿತ್ತಕೋಶವನ್ನು ತೆಗೆಯುವಾಗ ಪಿತ್ತನಾಳಕ್ಕೆ ಗಾಯವಾಗುವ ಪ್ರಮಾಣ ಸಾವಿರಕ್ಕೆ ಮೂರರಿಂದ ಐದರಷ್ಟು ಎಂದು ಬಹುಕಾಲ ದಾಖಲಾಗಿದ್ದು, ಇದು ತೆರೆದ ಶಸ್ತ್ರಚಿಕಿತ್ಸೆಗಿಂತ ತುಸು ಹೆಚ್ಚೇ. ಈ ವಿಷಯದಲ್ಲಿ ಹೊಸ ವಿಧಾನವು ಹಳೆಯದಕ್ಕಿಂತ ಉತ್ತಮವೆಂದು ಹೇಳಲಾಗದು. ಆದುದರಿಂದಲೇ ಒಳಗಿನ ಅಂಗಗಳು ಅಂಟಿಕೊಂಡು ಸ್ಪಷ್ಟವಾಗಿ ಕಾಣದಿದ್ದಲ್ಲಿ ಅನುಭವಿ ವೈದ್ಯರು ರಂಧ್ರ ವಿಧಾನವನ್ನು ಕೈಬಿಟ್ಟು ಹೊಟ್ಟೆಯನ್ನು ತೆರೆಯುತ್ತಾರೆ. ಕುಟುಂಬದವರು ಇದನ್ನು ವೈದ್ಯರ ಸೋಲೆಂದು ಭಾವಿಸತಕ್ಕದ್ದಲ್ಲ. ರೋಗಿಯ ಸುರಕ್ಷತೆಗಾಗಿ ಕೈಗೊಳ್ಳುವ ನಿರ್ಧಾರವದು. ತೀವ್ರ ಹೃದ್ರೋಗ ಅಥವಾ ಶ್ವಾಸಕೋಶದ ರೋಗ ಇರುವವರಿಗೆ ಅನಿಲದ ಒತ್ತಡವನ್ನು ತಾಳುವುದು ಕಷ್ಟವಾಗಬಹುದಾದ ಕಾರಣ ಅರಿವಳಿಕೆ ತಜ್ಞರ ಪೂರ್ವಪರೀಕ್ಷೆ ಅತ್ಯವಶ್ಯಕ.

ಹೆಚ್ಚು ಚರ್ಚೆಗೆ ಬಾರದ ಇನ್ನೊಂದು ತೊಂದರೆಯೂ ಇದೆ. ಗಾಯ ಪೂರ್ಣ ಮಾಗಿತೆಂದು ಭಾವಿಸಿದ ಮೂರು ವಾರ ಅಥವಾ ತಿಂಗಳ ನಂತರ ರಂಧ್ರದ ಜಾಗದಲ್ಲಿ ಗಂಟು ಕಾಣಿಸಿಕೊಂಡು, ಒಡೆದು, ನೀರಿನಂತಹ ಸ್ರಾವ ಬರುತ್ತದೆ. ಸಾಧಾರಣ ಮಾತ್ರೆಗಳಿಗೆ ಇದು ಬಗ್ಗುವುದಿಲ್ಲ. ಕ್ಷಯದ ರೋಗಾಣುವಿನ ಬಂಧುಗಳಾದ ಒಂದು ಬಗೆಯ ಸೂಕ್ಷ್ಮಾಣುಗಳು ನೀರಿನಲ್ಲಿ ವಾಸಿಸುತ್ತವೆ. ಉಪಕರಣಗಳನ್ನು ಸರಿಯಾಗಿ ಶುದ್ಧೀಕರಿಸದಿದ್ದಲ್ಲಿ ಅಥವಾ ಶುದ್ಧೀಕರಿಸಿದ ಮೇಲೆ ಸಾಧಾರಣ ನೀರಿನಲ್ಲಿ ತೊಳೆದಲ್ಲಿ ಇವು ಗಾಯವನ್ನು ಸೇರಬಲ್ಲವು. ಇಂತಹ ಲಕ್ಷಣ ಕಂಡಲ್ಲಿ ಬಡಾವಣೆಯ ಔಷಧಿ ಅಂಗಡಿಯಲ್ಲಿ ಮಾತ್ರೆ ಬದಲಿಸುತ್ತ ಕಾಲ ಕಳೆಯದೆ, ಸ್ರಾವವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕೆಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೋರಬೇಕು.

ಸಂತಾನಶಕ್ತಿ ಹರಣದ ಬಗ್ಗೆ ಪ್ರತ್ಯೇಕ ಸೂಚನೆ

ಉದರದರ್ಶಕ ವಿಧಾನದ ಸಂತಾನಶಕ್ತಿ ಹರಣವನ್ನು ಹೆರಿಗೆಯಾದ ಕೂಡಲೇ ಮಾಡತಕ್ಕದ್ದಲ್ಲ. ಕನಿಷ್ಠ ಆರು ವಾರ ಕಳೆದಿರಬೇಕು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳ ಅವಧಿಯಲ್ಲಿ 83 ಮಹಿಳೆಯರಿಗೆ ಈ ಚಿಕಿತ್ಸೆ ಮಾಡಲಾಯಿತು. ಒಂದು ತಂಡ ದಿನಕ್ಕೆ 30ನ್ನು ಮೀರಬಾರದೆಂಬ ಮಾನದಂಡವಿದ್ದರೂ ಹೀಗಾಯಿತು. ಆ ದಿನಗಳಲ್ಲಿ ಅಲ್ಲಿ 13 ಮಹಿಳೆಯರು ಪ್ರಾಣ ಕಳೆದುಕೊಂಡರು. ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಆದುದರಿಂದ ಮಹಿಳೆಯರು ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ ಇರುವ ಆಸ್ಪತ್ರೆಯಲ್ಲಿಯೇ, ಸ್ವಂತ ಇಚ್ಛೆಯಿಂದ ಮಾತ್ರ ಈ ಚಿಕಿತ್ಸೆಗೆ ಒಳಗಾಗತಕ್ಕದ್ದು.

ಒಪ್ಪಿಗೆ ಪತ್ರ

ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಪಡೆಯುವುದು ತಮ್ಮ ಹಕ್ಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿಯು ಉದರದರ್ಶಕ ತಪಾಸಣೆ ಹಾಗೂ ಅಗತ್ಯಬಿದ್ದಲ್ಲಿ ಅದೇ ವಿಧಾನದ ಚಿಕಿತ್ಸೆಗೆ ಒಪ್ಪಿದ್ದರು; ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ವಯಸ್ಕ ರೋಗಿಯ ಬದಲಿಗೆ ಮನೆಯವರ ಒಪ್ಪಿಗೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2008ರ ಜನವರಿ 16ರಂದು ತೀರ್ಪಿತ್ತಿತು. ಅಗತ್ಯಬಿದ್ದಲ್ಲಿ ಹೊಟ್ಟೆಯನ್ನು ತೆರೆಯಲು ಅನುಮತಿ ಸೇರಿದೆಯೇ, ಯಾವ ಅಂಗವನ್ನು ತೆಗೆಯಲಾಗುವುದು, ಬೇರೆ ಚಿಕಿತ್ಸೆ ಇದೆಯೇ ಎಂಬುದನ್ನು ಕೇಳಿಯೇ ಸಹಿ ಮಾಡಬೇಕು. ಗರ್ಭಕೋಶ ತೆಗೆಯಬೇಕೆಂದು ಹೇಳಿದಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯುವುದು ಸೂಕ್ತ.

ವೆಚ್ಚ ಮತ್ತು ಶಿಫಾರಸು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ, ಇತರ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.50 ಲಕ್ಷದ ಮಿತಿಯಲ್ಲಿ ಸೌಲಭ್ಯ ದೊರೆಯುತ್ತದೆ. ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಈ ಭಾಗದವರಿಗೆ ಜಯನಗರ 4ನೇ 'ಟಿ' ಬ್ಲಾಕಿನ ಜನರಲ್ ಆಸ್ಪತ್ರೆ ಸಮೀಪವಾದುದು. ಕಲಾಸಿಪಾಳ್ಯದ ಬಳಿಯ ವಿಕ್ಟೋರಿಯಾ ಆಸ್ಪತ್ರೆಯೂ ಇದೆ. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುವುದು. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಶಿಫಾರಸು ಪತ್ರ ಬೇಕಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಹಣ ಪಾವತಿಸಿದ ನಂತರ ಶಿಫಾರಸು ಪತ್ರ ಕೇಳಿಕೊಂಡು ಬರುವವರಿಗೆ ನಿರಾಶೆಯೇ ಹೆಚ್ಚು.

ಮನೆಯಲ್ಲಿ ಚೇತರಿಕೆ

ಶಸ್ತ್ರಚಿಕಿತ್ಸೆಯಾದ ದಿನ ಸಂಜೆಯೇ ಅಥವಾ ಮರುದಿನ ಬೆಳಿಗ್ಗೆ ರೋಗಿಯನ್ನು ಎಬ್ಬಿಸಿ ನಡೆಸಲಾಗುತ್ತದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ. "ಅಲ್ಲಾಡದೆ ಮಲಗಿರು" ಎಂಬ ಹಿರಿಯರ ಕಾಳಜಿ ಇಲ್ಲಿ ಪ್ರಯೋಜನಕ್ಕೆ ಬಾರದು. ಹೊಟ್ಟೆಗೆ ಕೈ ಹಾಕಿದ್ದರೂ ಭುಜ ನೋಯುವುದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಉಳಿದ ಅನಿಲವು ವಪೆಯನ್ನು ಕೆಣಕುವುದರಿಂದ ಬರುವ ಈ ನೋವು ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಭುಜನೋವಿನೊಡನೆ ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದಲ್ಲಿ ಅದು ಬೇರೆಯೇ ಮಾತು, ತಡಮಾಡಬಾರದು.

ಬದನೆಕಾಯಿ, ಆಲೂಗೆಡ್ಡೆ ಮೊದಲಾದವು "ನಂಜು" ಎಂದು ವಾರಗಟ್ಟಲೆ ಅನ್ನ, ಮೆಣಸಿನ ಸಾರಿನಲ್ಲೇ ರೋಗಿಯನ್ನು ಇರಿಸುವ ಪದ್ಧತಿಗೆ ವೈದ್ಯಕೀಯ ಆಧಾರವಿಲ್ಲ. ಗಾಯ ಮಾಗಲು ಬೇಳೆ, ಮೊಟ್ಟೆ, ಸೊಪ್ಪು ಬೇಕು. ಹಸಿವು ಮರಳಿದ ಮೇಲೆ ಮುದ್ದೆಯನ್ನೂ ಉಣ್ಣಬಹುದು. ಪಿತ್ತಕೋಶ ತೆಗೆಸಿಕೊಂಡವರು ಮಾತ್ರ ಕೆಲವು ವಾರ ಬೋಂಡ, ಬಜ್ಜಿಯಂತಹ ಕರಿದ ತಿನಿಸುಗಳನ್ನು ಮಿತಗೊಳಿಸಿದರೆ ಹೊಟ್ಟೆಗೆ ಹಿತ. ಗಾಯಕ್ಕೆ ಅರಿಶಿನ, ಬೂದಿ, ಎಣ್ಣೆ ಹಚ್ಚತಕ್ಕದ್ದಲ್ಲ.

ಕುಳಿತು ಮಾಡುವ ಕೆಲಸಕ್ಕೆ ಒಂದರಿಂದ ಎರಡು ವಾರಗಳಲ್ಲಿ ಮರಳಬಹುದು. ಭಾರ ಎತ್ತುವ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಮನೆಗೆ ತರಿಸುವ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಎಂದರೆ 20 ಕಿಲೋಗ್ರಾಂ ತೂಕ. ಅದನ್ನಾಗಲಿ ಅಡುಗೆ ಅನಿಲದ ಸಿಲಿಂಡರನ್ನಾಗಲಿ ನಾಲ್ಕರಿಂದ ಆರು ವಾರ ಎತ್ತಬಾರದು. ಹೊಕ್ಕುಳಿನ ರಂಧ್ರದಲ್ಲಿಯೇ ಹೊಸ ಹರ್ನಿಯಾ ಹುಟ್ಟಿದ ನಿದರ್ಶನಗಳಿವೆ. ಆಸ್ಪತ್ರೆಯಿಂದ ಮನೆಗೆ ದ್ವಿಚಕ್ರ ವಾಹನದಲ್ಲಿ ಬರಬಾರದು. ಹೊಸೂರು ರಸ್ತೆಯಿಂದ ಬೇಗೂರಿನವರೆಗಿನ ರಸ್ತೆ ಉಬ್ಬುಗಳಲ್ಲಿ ಹೊಟ್ಟೆಯ ಮೇಲೊಂದು ದಿಂಬನ್ನು ಒತ್ತಿ ಹಿಡಿದುಕೊಂಡರೆ ನೋವು ಎಷ್ಟೋ ತಗ್ಗುತ್ತದೆ.

ತಕ್ಷಣ ಆಸ್ಪತ್ರೆಗೆ ಮರಳಬೇಕಾದ ಸಂದರ್ಭಗಳು

ನೆನಪಿಡಲು ಸುಲಭವಾದ ಅಳತೆಗೋಲು ಒಂದಿದೆ. ಸರಿಯಾಗಿ ಚೇತರಿಸಿಕೊಳ್ಳುತ್ತಿರುವ ರೋಗಿಗೆ ಇಂದಿನ ನೋವು ನಿನ್ನೆಗಿಂತ ಕಡಿಮೆ ಇರುತ್ತದೆ. ನೋವು ಇಳಿಯುವ ಬದಲು ಏರುತ್ತ ಹೋದಲ್ಲಿ ಒಳಗೆ ಏನೋ ತಪ್ಪಿದೆ ಎಂದೇ ತಿಳಿಯಬೇಕು. ಉಪಕರಣದ ಬಿಸಿ ತಗುಲಿದ ಕರುಳು ಅಂದೇ ಒಡೆಯದೆ ಕೆಲವು ದಿನಗಳ ನಂತರ, ರೋಗಿ ಮನೆಯಲ್ಲಿರುವಾಗ ಒಡೆಯಬಹುದು. ಜ್ವರ, ಚಳಿ, ಹೊಟ್ಟೆಯುಬ್ಬರ, ನಿಲ್ಲದ ವಾಂತಿ, ಗಾಳಿ ಸರಿಯದಿರುವುದು, ನಾಡಿಯ ವೇಗ ಹೆಚ್ಚುವುದು ಇವು ಅದರ ಸುಳಿವುಗಳು. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಪಿತ್ತನಾಳದ ತೊಂದರೆಯನ್ನು ಸೂಚಿಸುತ್ತದೆ. ಇದನ್ನು ಕಾಮಾಲೆಯೆಂದು ಬಗೆದು ನಾಟಿ ಔಷಧಿ ಕೊಡಿಸಲು ಹೋದಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದೂ ತುರ್ತು ಲಕ್ಷಣವೇ.

ಇಂತಹ ಸಂದರ್ಭಗಳಲ್ಲಿ ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ, ಬಿಡುಗಡೆ ಪತ್ರದೊಂದಿಗೆ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯ ವಿವರ ಅದರಲ್ಲಿರುವುದರಿಂದ ಬೇರೆ ಆಸ್ಪತ್ರೆಯ ವೈದ್ಯರಿಗೂ ದಾರಿ ತಿಳಿಯುತ್ತದೆ.

ತೆಗೆದ ಪಿತ್ತಕೋಶ, ಅಂಡಾಶಯದ ಗಂಟು ಮೊದಲಾದವುಗಳನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಲಾಗುತ್ತದೆ. ಇದರ ವರದಿ ಸಾಮಾನ್ಯವಾಗಿ ರೋಗಿ ಮನೆಗೆ ಹೋದ ನಂತರವೇ ಬರುವುದರಿಂದ ಅನೇಕರು ಅದನ್ನು ಪಡೆಯುವುದೇ ಇಲ್ಲ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಪತ್ತೆಯಾಗುವುದುಂಟು. ಹೊಲಿಗೆ ತೆಗೆಸಲು ಅಥವಾ ಮರುತಪಾಸಣೆಗೆ ಹೋದ ದಿನವೇ ವರದಿಯನ್ನು ಕೇಳಿ, ವೈದ್ಯರಿಗೆ ತೋರಿಸಿ, ಬಿಡುಗಡೆ ಪತ್ರದೊಂದಿಗೆ ಲಗತ್ತಿಸಿ ಇಟ್ಟುಕೊಳ್ಳತಕ್ಕದ್ದು.